ನಮ್ಮ ಮಾವ ಹೊನ್ನಾರು ಹೂಡಿದ್ದು

ನಮ್ಮ ಸೋದರಮಾವನಷ್ಟು ದೊಡ್ಡ ರೈತ ಬೆಂಗಳೂರಿನ ಇಡೀ ಕಗ್ಗದಾಸಪುರದಲ್ಲಿ ಇನ್ನೊಬ್ಬನಿಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಯಾಕೆಂದರೆ ಕಗ್ಗದಾಸಪುರದಲ್ಲಿ ಈಗ ಇನ್ನೊಬ್ಬ ರೈತನೇ ಇಲ್ಲ! ಒಬ್ಬನೇ ಓಡಿದ ಓಟದಲ್ಲಿ ಮೊದಲ ಬಹುಮಾನ ಇನ್ಯಾರಿಗೆ ಹೋದೀತು? ಹಾಗೆ ನೋಡಿದರೆ ನಮ್ಮ ಮಾವ ಓಡಿದ್ದೂ ಇಲ್ಲ. ಪಕ್ಕದಲ್ಲಿ ನಿಂತು ಬೆವರು ಒರೆಸಿಕೊಂಡಿದ್ದಾನೆ, ಅಷ್ಟೆ.

ಹಿರಿಯರನ್ನು ‘ಅವನು, ಇವನು’ ಎನ್ನುತ್ತಾನಲ್ಲ ಎಂದು ಹುಬ್ಬು ಗಂಟಿಕ್ಕಬೇಡಿ. ನಮ್ಮ ಕಡೆ ಸೋದರಮಾವನಿಗೆ ಏಕವಚನವೇ ಮರ್ಯಾದೆ. ‘ಅವರು’ ಅಂದರೆ ಏನೋ ಜಗಳವಾಗಿದೆ ಎಂದು ಊರೆಲ್ಲ ಗುಸುಗುಸು ಶುರುವಾಗುತ್ತದೆ.

ನಮ್ಮ ತಾತನ ಕಾಲಕ್ಕೆ ಮನೆಯ ಹಿಂದೆ ಕಣ್ಣು ಹಾಯುವಷ್ಟು ದೂರ ರಾಗಿ ಹೊಲವಿತ್ತಂತೆ. ಆಮೇಲೆ ಅದು ಲೇಔಟಾಯಿತು, ಸೈಟಾಯಿತು, ಸೈಟಿನ ಮೇಲೆ ಸೈಟಿನಷ್ಟೇ ಅಗಲದ ಕಟ್ಟಡಗಳಾದವು. ಕೊನೆಗೆ ಉಳಿದಿದ್ದುದು ಒಂದು ತುಂಡು ನೆಲ. ಒಂದು ಕಡೆ ಅಪಾರ್ಟ್‌ಮೆಂಟು, ಇನ್ನೊಂದು ಕಡೆ ಮಾವನೇ ಬಾಡಿಗೆಗೆ ಬಿಟ್ಟಿರುವ ರೂಮುಗಳ ಸಾಲು, ನಡುವೆ ಇದು. ಇದನ್ನು ಮಾವ ‘ಹೊಲ’ ಅನ್ನುತ್ತಿದ್ದ. ಅತ್ತೆ ‘ಹಿತ್ತಲು’ ಅನ್ನುತ್ತಿದ್ದಳು. ಮಗ ಮಂಜ ‘ಪ್ರಾಪರ್ಟಿ’ ಅನ್ನುತ್ತಿದ್ದ. ಅಕ್ಕಪಕ್ಕದವರು ಮಾತ್ರ ಏನೂ ಅನ್ನದೆ ಕಸ ತಂದು ಸುರಿದು ಹೋಗುತ್ತಿದ್ದರು.

ಇಂಥ ಹೊಲದ ಒಡೆಯನಾದ ನಮ್ಮ ಮಾವ ಹುಟ್ಟಿದಾಗಿನಿಂದ ನೇಗಿಲು ಮುಟ್ಟಿದವನಲ್ಲ. ಮುಟ್ಟಲು ಬಿಟ್ಟಿದ್ದರೆ ತಾನೇ? ಯುಗಾದಿ ಕಳೆದ ಮೇಲೆ ಒಳ್ಳೆಯ ದಿನ ನೋಡಿ, ಎತ್ತಿನ ಕೊಂಬಿಗೆ ಬಣ್ಣ ಬಳಿದು, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಉಳುಮೆ ಮಾಡುವುದಕ್ಕೆ ನಮ್ಮಲ್ಲಿ ಹೊನ್ನಾರು ಅನ್ನುತ್ತಾರೆ. ಆ ಮೊದಲ ಸಾಲು ಎಳೆಯುವವನ ಗತ್ತೇ ಬೇರೆ. ಪ್ರತಿವರ್ಷ ನೇಗಿಲ ಮೇಣಿ ಹಿಡಿಯುತ್ತಿದ್ದವನು ಇವನ ಅಣ್ಣ, ನಮ್ಮ ದೊಡ್ಡ ಮಾವ. ನಮ್ಮ ಈ ಮಾವ ಪ್ರತಿವರ್ಷ, ಫ್ಯಾಕ್ಟರಿ ಕೆಲಸಕ್ಕೆ ಹೊರಟವನು ಸೈಕಲ್ ಹಿಡಿದುಕೊಂಡೇ, ‘ಈ ಸಲ ನಾನು ಹಿಡೀಲಾ ಅಪ್ಪಾ?’ ಎಂದು ಕೇಳುತ್ತಿದ್ದನಂತೆ. ತಾತ, ‘ಮೊದ್ಲು ಫ್ಯಾಕ್ಟ್ರಿ ಸೈರನ್ ಕೂಗೋದ್ರೊಳಗೆ ಗೇಟು ಸೇರ್ಕೋ ಹೋಗು’ ಅನ್ನುತ್ತಿದ್ದನಂತೆ. ಹೀಗೆ ಕೇಳುತ್ತ, ಸೈರನ್ನಿಗೆ ಓಡುತ್ತ ಮಾವನ ಸರ್ವಿಸ್ಸೇ ಮುಗಿಯಿತು. ತಾತ ಹೋದ. ದೊಡ್ಡ ಮಾವ ಹೋದ. ಎತ್ತುಗಳೂ ಹೋದವು. ಮಾವನ ಆಸೆ ಮಾತ್ರ ಎಲ್ಲೂ ಹೋಗಲಿಲ್ಲ!

ಹೋದ ಬೇಸಿಗೆಗೆ ಮುಂಚೆ ಮಂಜ ಪ್ಲಾನು ಮಾಡಿಸಿದ. ಹೊಲವೋ ಹಿತ್ತಲೋ, ಅದರ ಮೇಲೆ ಪೇಯಿಂಗ್ ಗೆಸ್ಟ್ ಕಟ್ಟಡ. ಮಾವ ಊಟ ಬಿಡಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಒಂದೇ ಮಾತು ಕೇಳಿದ.

“ಒಂದು ಸಲ ಹೊನ್ನಾರು ಹೂಡ್ಬಿಡ್ತೀನಿ ಕಣೋ. ಒಂದೇ ಸಾಲು, ನನ್ ಕೈಯಾರೆ. ಆಮೇಲೆ ನೀನು ಅರಮನೆನಾದ್ರೂ ಕಟ್ಕೋ, ಕುರಿದೊಡ್ಡಿನಾದ್ರೂ ಕಟ್ಕೋ.”

“ಕಟ್ಟೋದು ಪೀಜಿ ಅಪ್ಪ. ಎರಡೂ ಸೇರಿದ ಹಾಗೇ ಇರುತ್ತೆ. ಆಯ್ತು, ಹೂಡು. ಮಾರನೇ ದಿನ ಜೇಸೀಬಿ ಬರುತ್ತೆ,” ಅಂದ ಮಂಜ.

ಬೇರೆ ಯಾರಾದರೂ ಆಗಿದ್ದರೆ ಎಲ್ಲಿಂದಲೋ ಒಂದು ಜೊತೆ ಎತ್ತು ತಂದು, ಎರಡು ಕಾಯಿ ಒಡೆದು, ಸಾಲು ಎಳೆದು ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ಮಾವ ಹಾಗೆ ಮಾಡಿದರೆ ಅವನ ಬಗ್ಗೆ ಬರೆಯುವ ಕರ್ಮ ನನಗೇಕೆ ಬರುತ್ತಿತ್ತು? ವಾರದೊಳಗೆ ಬೀದಿಯ ತುದಿಯಲ್ಲಿ ಬ್ಯಾನರು ಎದ್ದಿತು: ‘ಬೇಸಿಗೆ ಬೇಸಾಯ ಕಲಾ ಸಂಗೀತ ಮೇಳ’. ಕೆಳಗೆ, ಹೆಬ್ಬಾಗಿಲಿನಷ್ಟು ದೊಡ್ಡದಾಗಿ, ಪೇಟ ಸುತ್ತಿಕೊಂಡು ನಗುತ್ತಿರುವ ಮಾವ. ಮೂಲೆಯಲ್ಲಿ, ಕಡಲೆಕಾಳಿನಷ್ಟು ಗಾತ್ರದಲ್ಲಿ, ಎತ್ತು.

“ಹೊನ್ನಾರಿಗೆ ಕಲೆ, ಸಂಗೀತ ಎಲ್ಲ ಯಾಕೆ ಮಾವ?”

“ಜನ ಸೇರ್ಬೇಕಲ್ಲ ಅಳಿಯಾ! ನಾನು ಸಾಲು ಎಳೆಯೋದನ್ನ ನೋಡೋರಿಲ್ಲದೆ ಹೋದ್ರೆ ಎಳೆದು ಏನ್ ಸುಖ?”

ಒಳಗಿನಿಂದ ಅತ್ತೆ ಕೂಗಿದಳು: “ಮದುವೆ ದಿನ ಹಾರ ಹಾಕೋಕ್ಕೂ ಫೋಟೋದವನು ಬರೋವರ್ಗೂ ಕಾಯಿಸಿದ್ರು ಕಣಪ್ಪ ಈ ಮಹಾನುಭಾವ್ರು. ಹಾರದ ಹೂವೆಲ್ಲ ಬಾಡೋಗಿತ್ತು, ಜೊತೆಗೆ ನಾನೂನೂ.”

ಮೇಳ ಶುರುವಾದದ್ದು ಕಲೆಯಿಂದ. ಯಾವ ಕಲೆ? ಬೆರಣಿ ತಟ್ಟುವ ಕಲೆ! ಅಪಾರ್ಟ್‌ಮೆಂಟಿನ ಮಹಿಳೆಯರು, ಮಕ್ಕಳು ಕೈಗೆ ಗವಸು, ತಲೆಗೆ ಟೋಪಿ ಹಾಕಿಕೊಂಡು ಸಾಲಾಗಿ ನಿಂತರು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದಳು.

“ಇದನ್ನ ಮಾಡು ಅಂತ ನಮ್ಮವ್ವ ಪೊರಕೇಲಿ ಹೊಡೀತಿದ್ಲು. ಇವ್ರು ಟೋಪಿ ಹಾಕ್ಕೊಂಡು ಕ್ಯೂ ನಿಂತವ್ರಲ್ಲಪ್ಪ!”

ಬೆರಣಿ ತಟ್ಟಿದ್ದಾಯಿತು, ಒಣಗಿಸಲು ಗೋಡೆ ಬೇಕಲ್ಲ? ಮಾವನ ರೂಮುಗಳ ಗೋಡೆಯ ಮೇಲಿನ ಗಾರೆ ಎಂದೋ ಉದುರಿತ್ತು, ಬೆರಣಿ ಹಿಡಿಯುತ್ತಿರಲಿಲ್ಲ. ಮಾವ ಹಿಂದೆ ಮುಂದೆ ನೋಡದೆ ಎದುರಿನ ಗೋಡೆ ತೋರಿಸಿದ. ಅದು ಅಪಾರ್ಟ್‌ಮೆಂಟಿನ ಕಾಂಪೌಂಡು. ಹಾಲುಬಿಳುಪಿನ ಹೊಸ ಬಣ್ಣ. ಉತ್ಸಾಹಿಗಳು ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ತಟ್ಟಿದ್ದೇ ತಟ್ಟಿದ್ದು. ಅಸೋಸಿಯೇಷನ್ನಿನ ಸೆಕ್ರೆಟರಿ ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದರು.

“ಏನ್ ಸರ್ ಇದು? ಪೇಂಟ್ ಇನ್ನೂ ಒಣಗಿಲ್ಲ ಸರ್! ವಾಟ್ ಈಸ್ ದಿಸ್?”

“ಚಿತ್ರಕಲಾ ಪ್ರದರ್ಶನ,” ಅಂದ ಮಾವ, ಕಣ್ಣು ಮಿಟುಕಿಸದೆ. “ಅಗೋ, ಆ ಮೂರನೇ ಸಾಲಿಂದು ನಿಮ್ ಮಿಸೆಸ್ಸು ಮಾಡಿರೋದು. ತುಂಬಾ ಚೆನ್ನಾಗಿ ಬಂದಿದೆ.”

ಸೆಕ್ರೆಟರಿ ಮೂರನೇ ಸಾಲನ್ನು ನೋಡಿದರು. ಪಕ್ಕದಲ್ಲಿ ಗವಸು ತೆಗೆಯುತ್ತ ನಿಂತಿದ್ದ ಮಿಸೆಸ್ಸನ್ನೂ ನೋಡಿದರು. ಪಾಪ, ಸಂಸಾರಸ್ಥರು. “ನೈಸ್” ಎಂದು ಹೇಳಿ ಹೊರಟುಹೋದರು.

ಸಂಗೀತದ ಕಥೆ ಇನ್ನೂ ಸ್ವಾರಸ್ಯ. ಮಾವನ ರೂಮುಗಳಲ್ಲಿ ರಾಯಚೂರು ಕಡೆಯಿಂದ ಬಂದ ಸಂಸಾರಗಳಿವೆ. ಗಾರೆ ಕೆಲಸದವರು, ಮನೆಗೆಲಸದವರು. ಅವರಲ್ಲಿ ಮಲ್ಲಮ್ಮ ಎಂಬಾಕೆ ಒಳ್ಳೆಯ ಹಾಡುಗಾರ್ತಿ. ಪಾತ್ರೆ ತೊಳೆಯುವಾಗ ಅವಳು ದನಿಯೆತ್ತಿದರೆ ಬೀದಿಯ ಆಟೋ ಕೂಡ ಹಾರ್ನ್ ಹೊಡೆಯುವುದಿಲ್ಲ. ಮಾವ ಅವಳ ಬಾಗಿಲಿಗೆ ಹೋಗಿ ನಿಂತ, ಮಹಾರಾಜರು ಆಸ್ಥಾನಕ್ಕೆ ಕಲಾವಿದರನ್ನು ಕರೆಯುವ ಠೀವಿಯಲ್ಲಿ.

“ನೋಡಮ್ಮ, ನಮ್ ಮೇಳದಲ್ಲಿ ನೀನು ಹಳ್ಳಿ ಹಾಡು ಹಾಡ್ಬೇಕು. ಅಪ್ಪಟ ಹಳ್ಳಿದು.”

“ಹಾಡ್ತೀನ್ರಿ ಯಪ್ಪಾ. ಹಾಡಾಕ ಏನೈತಿ? ಆದ್ರ ನಳದಾಗ ನೀರು ಬರಲಾರದ ಎಷ್ಟ್ ದಿನ ಆತು ನೋಡ್ರಿ. ಗಂಟಲಾ ಒಣಗೇತಿ.”

“ಬೇಸಿಗೆ ಅಲ್ವೇನಮ್ಮ, ಬೋರು ಬತ್ತಿದೆ.”

“ನಿಮ್ಮ ಮನಿ ಮುಂದ ಕಾರು ತೊಳಿಯಾಕತ್ತಿದ್ರಲ್ರಿ ಮುಂಜಾನಿ? ಅದು ಯಾವ ಬೋರ್ರಿ?”

ಮಾವ ಮೂರು ಸಲ ಕೆಮ್ಮಿದ. ಕೆಮ್ಮಿಗೂ ನೀರು ಬೇಕಾಯಿತು. ಮಲ್ಲಮ್ಮನೇ ಒಂದು ಲೋಟ ತಂದುಕೊಟ್ಟಳು, ಅದೂ ಅರ್ಧ. ಸಂಜೆಯ ಹೊತ್ತಿಗೆ ರೂಮುಗಳ ಮುಂದೆ ಟ್ಯಾಂಕರು ನಿಂತಿತ್ತು! ನಮ್ಮ ದೇಶದಲ್ಲಿ ಸಂಗೀತದಿಂದ ಮಳೆ ತರಿಸಿದವರ ಕಥೆಗಳಿವೆ. ಹಾಡದೆಯೇ ನೀರು ತರಿಸಿದವಳು ಮಲ್ಲಮ್ಮ ಒಬ್ಬಳೇ ಇರಬೇಕು.

ಹಾಗೆಂದು ಅವಳು ಮಾವನನ್ನು ಬಿಟ್ಟಳೇ? ವೇದಿಕೆಯ ಮೇಲೆ ಬೀಸುಕಲ್ಲಿನ ಪದದ ಧಾಟಿಯಲ್ಲಿ, ಕಣ್ಣು ಮುಚ್ಚಿ ಎತ್ತಿದಳು:

ಬಾಗೀಲ ಮುಂದಿನ ಬಾವೀಯ ಬತ್ತ್ಯಾವ
ಮಾಲಕರ ಮನಿಯ ಮೋಟಾರ, ತಂಗೆವ್ವ
ಕಾರೀಗೆ ಜಳಕ ಮಾಡಿಸ್ಯಾವ!

ಅಪಾರ್ಟ್‌ಮೆಂಟಿನವರು ಮೊಬೈಲು ಎತ್ತಿ ಹಿಡಿದು ತಲೆದೂಗಿದರು. ‘ಎಷ್ಟು ಪ್ಯೂರ್ ಅಲ್ವಾ?’ ಎಂದು ಒಬ್ಬರು ಕಣ್ಣೊರೆಸಿಕೊಂಡರು. ರೂಮಿನ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು, ನಗು ತಡೆಯಲಾಗದೆ ಅಲುಗಾಡುತ್ತಿದ್ದರು. ಮಾವ? ಮುಂದಿನ ಸಾಲಿನಲ್ಲಿ ಕೂತು, ತೊಡೆ ತಟ್ಟಿ ತಾಳ ಹಾಕುತ್ತಿದ್ದ. ಎರಡನೇ ಸಲ ಹಾಡಿದಾಗ ಅರ್ಥ ಹೊಳೆದಿರಬೇಕು, ತಾಳ ಒಂದು ಗಳಿಗೆ ತಪ್ಪಿತು. ಆದರೆ ನಿಲ್ಲಿಸಲಿಲ್ಲ. ಮಾನವಂತ!

ಇಷ್ಟೆಲ್ಲದರ ನಡುವೆ ಮಾವ ಉಳುಮೆ ಕಲಿಯುತ್ತಿದ್ದ. ಎಲ್ಲಿ? ಜೀವನ್ ಬಿಮಾ ನಗರದ ಸೂಪರ್ ಮಾರ್ಕೆಟ್ಟಿನಲ್ಲಿ! ಅತ್ತೆಯ ಜೊತೆ ದಿನಸಿಗೆಂದು ಹೋದವನು ತಳ್ಳುಗಾಡಿಯ ಹಿಡಿಯನ್ನು ಮೇಣಿಯ ಹಾಗೆ ಬಿಗಿಯಾಗಿ ಹಿಡಿದು, ಅಕ್ಕಿಯ ಸಾಲಿನಿಂದ ಸೋಪಿನ ಸಾಲಿನವರೆಗೆ ನೆಟ್ಟನೋಟದಲ್ಲಿ ನಡೆಯುತ್ತಿದ್ದ. ತಿರುವಿನಲ್ಲಿ ‘ಹೋ ಹೋ ಹೋ, ಬಲಕ್ಕೆ, ಬಲಕ್ಕೆ’ ಎಂದು ಇಲ್ಲದ ಎತ್ತಿಗೆ ಹೇಳುತ್ತಿದ್ದ. ಸೆಕ್ಯೂರಿಟಿಯವನು ಅತ್ತೆಯ ಹತ್ತಿರ ಬಂದು, “ಮೇಡಂ, ಅಂಕಲ್ ನಿಮ್ಮ ಜೊತೇಲಿ ಬಂದೋರಾ?” ಎಂದು ಕೇಳಿದನಂತೆ.

“ನೀವೇನ್ ಹೇಳಿದ್ರಿ ಅತ್ತೆ?”

“ಇಲ್ಲ ಅಂದೆ.”

ಇನ್ನು ಬೇಕಾದದ್ದು ಎತ್ತು. ನೇಗಿಲಿಗೆ ತೊಂದರೆಯಿರಲಿಲ್ಲ. ತಾತನ ನೇಗಿಲು ವಾರ್ನಿಷ್ ಬಳಿಸಿಕೊಂಡು ನಡುಮನೆಯ ಗೋಡೆಯಲ್ಲಿ ಟೀವಿಯ ಮೇಲೆ ನೇತಾಡುತ್ತಿತ್ತು. ಆದರೆ ಕೆ.ಆರ್. ಪುರ, ಬಾಣಸವಾಡಿ ಎಲ್ಲ ತಿರುಗಿದರೂ ಹೂಡುವ ಎತ್ತು ಸಿಗಲಿಲ್ಲ. ‘ಟ್ರ್ಯಾಕ್ಟರ್ ಕಳಿಸ್ಲಾ ಸಾರ್?’ ಎಂದವರಿಗೆ ಮಾವ, ‘ಟ್ರ್ಯಾಕ್ಟರಿನ ಕೊಂಬಿಗೆ ಬಣ್ಣ ಬಳಿಯೋಕಾಗುತ್ತೇನ್ರೀ?’ ಎಂದು ಬೈದು ಬಂದ. ಕೊನೆಗೆ ಹಲಸೂರಿನಲ್ಲಿ ಮುನಿಸಾಮಿ ಸಿಕ್ಕಿದ. ಅವನ ಕಸುಬು ನಿಮಗೆ ಗೊತ್ತಿರಬಹುದು. ಹೊಸ ಮನೆಯ ಗೃಹಪ್ರವೇಶಕ್ಕೆ ಹಸು ಕರುವನ್ನು ಬಾಡಿಗೆಗೆ ಕಳಿಸುವುದು. ಅವನ ಹಸುಗಳು ಹೊಸಿಲು ದಾಟದ ಮನೆ ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ ಇಲ್ಲ.

“ಎತ್ತಾ ಸಾಮಿ? ಇದೆ ಸಾಮಿ. ಎರಡೂ ನಮ್ ಮನೇಲೇ ಹುಟ್ಟಿದ್ದು. ಅಮ್ಮನ ಜೊತೆ ಕರು ಆಗಿ ಎಷ್ಟು ಮನೆ ನೋಡಿದಾವೆ ಗೊತ್ತಾ? ಲಿಫ್ಟಲ್ಲಿ ಹತ್ತಿ ಮೇಲಿನ್ ಮಹಡಿಗೂ ಹೋಗಿದ್ದಾವೆ!”

“ನೊಗ ಹಾಕಿದ್ದೀಯೇನಪ್ಪ?”

“ಹಾರ ಹಾಕಿದ್ರೆ ಸುಮ್ನೆ ನಿಲ್ತಾವೆ ಸಾಮಿ. ನೊಗನೂ ಒಂದು ಹಾರ ತಾನೇ?”

ನಾನು ಮಾವನ ಕೈ ಜಗ್ಗಿದೆ. “ಮಾವ, ಇವು ಹೊಲ ನೋಡಿದ ಎತ್ತಲ್ಲ, ಹಾಲ್, ಕಿಚನ್ನು ನೋಡಿದ ಎತ್ತು.”

“ಅನುಭವಸ್ಥ ಎತ್ತು ಕಣೋ. ಜನ ಕಂಡ್ರೆ ಬೆದರಲ್ಲ. ಮೇಳಕ್ಕೆ ಹೇಳಿ ಮಾಡಿಸಿದ ಹಾಗಿದೆ,” ಎಂದು ಮಾವ ಅಲ್ಲೇ ಎತ್ತಿನ ಬೆನ್ನು ಚಪ್ಪರಿಸಿದ. ಎತ್ತು ತಿರುಗಿ ಅವನ ಕೈ ಮೂಸಿತು. ಬಾಳೆಹಣ್ಣು ಇಲ್ಲದ್ದು ತಿಳಿದು ಮುಖ ತಿರುಗಿಸಿತು.

ಹೊನ್ನಾರಿನ ದಿನ ಬಂತು. ಬೀದಿಯ ಪ್ರತಿ ಗೇಟಿಗೂ ಮಾವಿನ ತೋರಣ ಕಟ್ಟಿಸಿದವನು ಮಾವ. ಬೆರಣಿಯ ಪಾಪ ಕಳೆಯಲೆಂದು ಅಪಾರ್ಟ್‌ಮೆಂಟಿನ ಗೇಟಿಗೆ ಎಲ್ಲಕ್ಕಿಂತ ದೊಡ್ಡದನ್ನು ಕಟ್ಟಿಸಿದ, ಬಾಳೆಕಂದು ಬೇರೆ ನಿಲ್ಲಿಸಿದ. ಸ್ಪೀಕರಿನಲ್ಲಿ ನಾದಸ್ವರ ಹಾಕಿಸಿದವನೂ ಅವನೇ. ಎತ್ತುಗಳು ಬಣ್ಣದ ಕೊಂಬು, ಗೊಂಡೆ, ಗೆಜ್ಜೆ ತೊಟ್ಟು ಬಂದವು. ಅತ್ತೆ ಪೂಜೆ ಮಾಡಿದಳು. ಮಾವ ಕಚ್ಚೆ ಕಟ್ಟಿ, ಪೇಟ ಸುತ್ತಿ, ಮೇಣಿ ಹಿಡಿದು, ಎಲ್ಲ ಮೊಬೈಲುಗಳೂ ಮೇಲೆದ್ದಿವೆಯೇ ಎಂದು ಸುತ್ತ ನೋಡಿಕೊಂಡು, “ಹೋ...!” ಎಂದ.

ಎತ್ತುಗಳು ಹೊರಟವು. ಹೊರಟದ್ದು ಹೊಲದ ಕಡೆಗಲ್ಲ. ಹುಟ್ಟಿದಾಗಿನಿಂದ ಕಲಿತ ವಿದ್ಯೆ, ಬಿಟ್ಟೀತೇ? ಕಿವಿಗೆ ನಾದಸ್ವರ, ಕಣ್ಣಿಗೆ ತೋರಣ. ಅಂದಮೇಲೆ ಅದು ಗೃಹಪ್ರವೇಶವಲ್ಲದೆ ಇನ್ನೇನು? ಅಪಾರ್ಟ್‌ಮೆಂಟಿನ ಗೇಟಿನತ್ತ ಗಂಭೀರವಾಗಿ ಹೆಜ್ಜೆ ಹಾಕಿದವು. ಮಾವ ‘ಬಲಕ್ಕೆ, ಬಲಕ್ಕೆ’ ಎಂದು ಕೂಗುತ್ತ ಹಿಂದೆ ಓಡಿದ. ಎತ್ತುಗಳು ಅವನ ಮಾತಿಗೆ ಪೂರ್ತಿ ಬೆಲೆ ಕೊಟ್ಟವು. ಬಲಗಾಲಿಟ್ಟೇ ಒಳಗೆ ಹೋದವು!

ತಾತನ ನೇಗಿಲು ಟೈಲ್ಸಿನ ಮೇಲೆ ಕಿರ್ರೆಂದು ಕೂಗುತ್ತ ಲಾಬಿ ಸೇರಿತು. ಎತ್ತುಗಳು ಲಿಫ್ಟಿನ ಮುಂದೆ ನಿಂತು, ಬಾಗಿಲು ತೆರೆಯಲೆಂದು ಕಾದವು. ತೆರೆಯದಿದ್ದಾಗ, ಗೃಹಪ್ರವೇಶದಲ್ಲಿ ಎಲ್ಲರೂ ಅವುಗಳಿಂದ ಬಯಸುವ ಶುಭಕಾರ್ಯವನ್ನು ಅಲ್ಲೇ, ಹೊಳೆಯುವ ಗ್ರಾನೈಟಿನ ಮೇಲೆ, ಧಾರಾಳವಾಗಿ ಮಾಡಿದವು. ಸೆಕ್ರೆಟರಿ ಬಾಯಿ ತೆರೆದರು. ಅಷ್ಟರಲ್ಲಿ ಕೆಳಮನೆಯ ಅಜ್ಜಿಯೊಬ್ಬರು ಅರಿಸಿನ ಕುಂಕುಮದ ತಟ್ಟೆ ಹಿಡಿದು ಓಡಿಬಂದರು.

“ಗದರಬೇಡಿ ಸೆಕ್ರೆಟರಿಯವರೇ! ಇಷ್ಟು ವರ್ಷಕ್ಕೆ ಈ ಬಿಲ್ಡಿಂಗಿಗೆ ಲಕ್ಷ್ಮಿ ಕಾಲಿಟ್ಟಿದ್ದಾಳೆ!”

“ಅಜ್ಜಿ, ಇವೆರಡೂ ಗಂಡು,” ಅಂದರು ಸೆಕ್ರೆಟರಿ ಅಳುದನಿಯಲ್ಲಿ.

ಆರತಿಯಾಯಿತು. ಅಕ್ಕಿ ಬೆಲ್ಲ ಬಂತು, ಬಾಳೆಹಣ್ಣು ಬಂತು. ತಿಂದು ಮುಗಿಸಿ ಎತ್ತುಗಳು ತಾವಾಗಿಯೇ ತಿರುಗಿದವು. ಮಾವ ಮತ್ತೆ ಮೇಣಿಗೆ ಕೈ ಹಾಕಿದ. ಆದರೆ ಅವು ಹೊಲವನ್ನು ಕಣ್ಣೆತ್ತಿಯೂ ನೋಡದೆ ಸೀದಾ ಮುನಿಸಾಮಿಯ ಟೆಂಪೋ ಮುಂದೆ ಹೋಗಿ ನಿಂತವು. ನೊಗ ಬಿಚ್ಚಿದ್ದೇ ತಡ, ಹಲಗೆಯ ಮೇಲೆ ಹೆಜ್ಜೆಯಿಟ್ಟು ಹತ್ತಿಬಿಟ್ಟವು. ಮಾವ ಹಗ್ಗ ಹಿಡಿದೆಳೆದ, ಬೇಡಿಕೊಂಡ, ಬಾಳೆಹಣ್ಣು ತೋರಿಸಿದ. ಊಹೂಂ.

“ಇನ್ನು ಇಳಿಯಲ್ಲ ಸಾಮಿ,” ಅಂದ ಮುನಿಸಾಮಿ. “ಒಳಗೆ ಹೋಗಿದ್ದಾಯ್ತು, ಆರತಿ ಆಯ್ತು, ಹಣ್ಣು ತಿಂದಿದ್ದಾಯ್ತು. ಅವುಗಳ ಡ್ಯೂಟಿ ಮುಗೀತು. ಫಂಕ್ಷನ್ ಚೆನ್ನಾಗಾಯ್ತು ಸಾಮಿ!”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ, ಅಳಿಯ ಅಲ್ಲವೇ? ಪಾನಕ, ಕೋಸಂಬರಿ ಖರ್ಚಾಯಿತು. ಎಲ್ಲರೂ ಮಾವನ ಕೈ ಕುಲುಕಿ, ‘ಸೂಪರ್ ಅಂಕಲ್, ಮುಂದಿನ ವರ್ಷವೂ ಮಾಡಿ’ ಎಂದು ಹೇಳಿ ಹೊರಟರು. ಮುಂದಿನ ವರ್ಷ!

ಬಿಸಿಲು ಇಳಿಯುವ ಹೊತ್ತಿಗೆ ಹೊಲದಲ್ಲಿ ಉಳಿದವರು ನಾವು ನಾಲ್ವರು. ಮಾವ ಮಣ್ಣಿನ ದಿಬ್ಬದ ಮೇಲೆ ಕೂತಿದ್ದ, ಪಕ್ಕದಲ್ಲಿ ನೇಗಿಲು. ನಾನು ಅಭ್ಯಾಸಬಲದಿಂದ, “ಏನ್ ಮಾವ, ರೈತಸಂಘದವರು ಸನ್ಮಾನ ಯಾವಾಗ ಮಾಡ್ತಾರಂತೆ?” ಎಂದು ಕೆಣಕಿದೆ. ಬೇರೆ ದಿನವಾಗಿದ್ದರೆ ನನ್ನ ಏಳು ತಲೆಮಾರನ್ನೂ ಎಳೆದು ತರುತ್ತಿದ್ದ. ಅವತ್ತು ಸುಮ್ಮನೆ ನಕ್ಕ. ಆ ನಗುವಿನಲ್ಲಿ ಏನೂ ಇರಲಿಲ್ಲ.

“ಜೇಸೀಬಿ ಬೆಳಿಗ್ಗೆ ಎಷ್ಟೊತ್ತಿಗೆ ಬರುತ್ತಂತೆ?” ಎಂದು ಮಗನನ್ನು ಕೇಳಿದ.

“ಏಳಕ್ಕೆ.”

“ಸರಿ, ಬೇಗನೇ ಬರುತ್ತೆ. ಗೇಟ್ ತೆಗೆದಿಡ್ತೀನಿ,” ಎಂದು ಮೊಣಕಾಲು ಹಿಡಿದುಕೊಂಡು ಎದ್ದ.

“ಒಳಗೆ ಬನ್ರೀ, ಕಾಫಿ ಕೊಡ್ತೀನಿ,” ಅಂದ ಅತ್ತೆಯ ದನಿಯಲ್ಲಿಯೂ ಕುಟುಕಿರಲಿಲ್ಲ.

ಮಂಜ ಮೊಬೈಲನ್ನು ನನ್ನ ಕೈಗೆ ಕೊಟ್ಟ. ಪ್ಯಾಂಟು ಮೊಣಕಾಲಿನವರೆಗೆ ಮಡಿಸಿದ. ನೊಗಕ್ಕೆ ಕಟ್ಟಿದ್ದ ಹಗ್ಗವನ್ನು ನೇಗಿಲಿಗೆ ಬಿಗಿದು, ಇನ್ನೊಂದು ತುದಿಯನ್ನು ತನ್ನ ಎದೆಗೂ ಭುಜಕ್ಕೂ ಸುತ್ತಿಕೊಂಡ.

“ಏನೋ ಇದು?” ಅಂದ ಮಾವ.

“ಹಿಡ್ಕೋಪ್ಪ. ಕತ್ತಲಾಗೋದ್ರೊಳಗೆ ಒಂದು ಸಾಲು ಹೊಡೆದ್ಬಿಡು.”

“ನಾನೂ ಬರ್ಲೇನೋ?” ಅಂದೆ.

“ನಿಂಗೆ ಬೆನ್ನು ನೋವು, ಪಕ್ಕಕ್ಕೆ ನಿಂತ್ಕೋ ಭಾವ. ಅಪ್ಪಾ, ಹಿಡ್ಕೋ ಅಂದ್ನಲ್ಲ!”

ಮಾವ ಮೇಣಿ ಹಿಡಿದ. ನೋಡುವವರು ಯಾರಿದ್ದಾರೆಂದು ಸುತ್ತ ತಿರುಗಿ ನೋಡಲಿಲ್ಲ. ಮಂಜ ಬಗ್ಗಿ ಎಳೆದ. ಬೇಸಿಗೆಯ ನೆಲ, ವರ್ಷಗಟ್ಟಲೆ ಕಲ್ಲು ಗಾರೆ ಬಿದ್ದ ನೆಲ, ಕಬ್ಬಿಣದ ಹಾಗೆ ಗಟ್ಟಿ. ನೇಗಿಲ ಮೊನೆ ಒಂದು ಗೇಣು ಸೀಳಿತು. ಹಗ್ಗ ಅಂಗಿಯೊಳಗೆ ಕಚ್ಚಿತು, ಮಂಜನ ಕುತ್ತಿಗೆಯ ನರ ಉಬ್ಬಿತು, ಕಾಲು ಜಾರಿತು. ಮಾವ ಅದನ್ನೆಲ್ಲ ಹಿಂದಿನಿಂದ ನೋಡಿದ.

ಆಮೇಲೆ ನೇಗಿಲು ಸರಾಗವಾಗಿ ಸಾಗಿತು. ಮಂಜ ತಲೆ ತಗ್ಗಿಸಿಕೊಂಡು ಎಳೆಯುತ್ತಲೇ ಹೋದ. ನಾನು ಪಕ್ಕದಲ್ಲಿ ನಡೆಯುತ್ತಿದ್ದವನು ಸಾಲು ನೋಡಲೆಂದು ಬಗ್ಗಿದೆ. ಸಾಲೇ ಇರಲಿಲ್ಲ. ನೇಗಿಲ ಮೊನೆ ನೆಲ ಮುಟ್ಟಿರಲಿಲ್ಲ. ಆ ಮಣಭಾರದ ಮರವನ್ನು ಮಾವ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ಮಗನ ಹಿಂದೆ ನಡೆಯುತ್ತಿದ್ದ. ತೋಳು ಗಡಗಡ ನಡುಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನತ್ತ ನೋಡಿ, ಬೇಡ ಎಂದು ತಲೆಯಲ್ಲಾಡಿಸಿದ.

ಗೋಡೆಯ ಹತ್ತಿರ ಮಂಜ ನಿಂತ. ಏದುಸಿರು ಬಿಡುತ್ತಿದ್ದ. ತಿರುಗುವುದರೊಳಗೆ ಮಾವ ನೇಗಿಲು ಕೆಳಗಿಟ್ಟು, ಮುಂದೆ ಬಂದು, ಅವನ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ.

“ಆಯ್ತೇನಪ್ಪ? ಬಿತ್ತಾ ಸಾಲು?” ಅಂದ ಮಂಜ.

“ಬಿತ್ತು ಕಣಪ್ಪ. ನೆಟ್ಟಗೆ ಬಿತ್ತು.”

“ಇಷ್ಟೊಂದು ಹಗುರ ಇರುತ್ತೆ ಅಂದ್ಕೊಂಡಿರ್ಲಿಲ್ಲ.”

“ನಮ್ ಮಣ್ಣು ಕಣೋ,” ಅಂದ ಮಾವ. “ಮೆತ್ಗಿದೆ.”